ಐವತ್ತು ಸೆಕೆಂಡಿನ ಸ್ಫೋಟಕ್ಕೆ ಅಂಟಿದ ಹಣೆಪಟ್ಟಿ: ಒಂದು ಉಳಿಬೆಳಕಿನ ಪ್ರಕರಣ ಅಧ್ಯಯನ

2021ರ ಡಿಸೆಂಬರ್ 11, ಶನಿವಾರ. ನಮ್ಮಲ್ಲಿ ಸಂಜೆ 6 ಗಂಟೆ 40 ನಿಮಿಷ, ಕತ್ತಲು ಕವಿಯುತ್ತಿದ್ದ ಹೊತ್ತು. ಸ್ವಿಫ್ಟ್ ಮತ್ತು ಫರ್ಮಿ ಉಪಗ್ರಹಗಳೆರಡೂ ಗಾಮಾ ಕಿರಣಗಳ ಒಂದೇ ಸ್ಫೋಟವನ್ನು ದಾಖಲಿಸಿದವು. ಮೊದಲ ಹದಿಮೂರು ಸೆಕೆಂಡು ಬಲವಾದ ಏಟುಗಳು, ಆಮೇಲೆ ಚಿಕ್ಕದೊಂದು ಬಿಡುವು, ಅದರ ಬೆನ್ನಿಗೆ ಮೆತ್ತಗಿನ ಉದ್ದನೆಯ ಬಾಲ. ಎಲ್ಲ ಸೇರಿ ಸುಮಾರು 50 ಸೆಕೆಂಡು. ದಿನಾಂಕವೇ ಹೆಸರಾಗುವ ಪದ್ಧತಿಯಂತೆ ಅದು ಜಿಆರ್‌ಬಿ (ಗಾಮಾ ರೇ ಬರ್ಸ್ಟ್, ಗಾಮಾ ಕಿರಣ ಸ್ಫೋಟ) 211211ಎ ಆಯಿತು.

ಈ ಸ್ಫೋಟದ ಉಳಿಬೆಳಕನ್ನು, ಅಂದರೆ ಆಫ್ಟರ್‌ಗ್ಲೋವನ್ನು, ಮುಂದಿನ ಕೆಲವು ದಿನಗಳಲ್ಲಿ ಭೂಮಿಯ ಮೇಲಿನ ಹತ್ತಾರು ದೂರದರ್ಶಕಗಳು ಬೆನ್ನಟ್ಟಿದ ಕಥೆಯನ್ನು ಇಲ್ಲಿ ಬಿಡಿಸಿಡುತ್ತಿದ್ದೇನೆ. ವೀಕ್ಷಕರ ಹೆಸರುಗಳನ್ನು, ತಂಡಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಯಾರು ಮಾಡಿದರು ಎನ್ನುವುದಕ್ಕಿಂತ, ಆ ಹೊತ್ತಿನಲ್ಲಿ ಕೈಯಲ್ಲಿದ್ದ ಮಾಹಿತಿ ಎಷ್ಟು, ಅದರ ಮೇಲೆ ಏನು ತೀರ್ಮಾನಿಸಬಹುದಿತ್ತು ಎನ್ನುವುದು ಮುಖ್ಯ. ದೂರದರ್ಶಕಗಳ ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ. ಕನ್ನಡಿಯ ಅಳತೆ, ನಿಂತ ರೇಖಾಂಶ ಇವೆರಡೂ ತೀರ್ಮಾನಗಳ ಭಾಗವೇ ಆಗಿದ್ದವು.

ಹಿನ್ನೆಲೆ: ಎರಡು ಸೆಕೆಂಡಿನ ಗೆರೆ

ಗಾಮಾ ಕಿರಣ ಸ್ಫೋಟಗಳಲ್ಲಿ ಎರಡು ಕುಲ ಎಂದು 1990ರ ದಶಕದಿಂದ ಎಲ್ಲರೂ ಕಲಿಯುತ್ತ ಬಂದಿದ್ದಾರೆ. ಎರಡು ಸೆಕೆಂಡಿಗಿಂತ ಕಡಿಮೆ ಇದ್ದರೆ ಗಿಡ್ಡ, ಹೆಚ್ಚಿದ್ದರೆ ಉದ್ದ. ಉದ್ದನೆಯವು ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರ ಕುಸಿದಾಗ ಹುಟ್ಟುತ್ತವೆ, ಅವುಗಳ ಹಿಂದೆ ಸೂಪರ್‌ನೋವಾ, ಅಂದರೆ ಸಿಡಿದ ನಕ್ಷತ್ರದ ವಾರಗಟ್ಟಲೆಯ ಹೊಳಪು, ಬರುತ್ತದೆ. 2003ರ ಮಾರ್ಚ್ 29ರ ಸ್ಫೋಟದ ಉಳಿಬೆಳಕಿನ ಒಳಗಿಂದ ಸೂಪರ್‌ನೋವಾ ಮೇಲೆದ್ದು ಬಂದದ್ದನ್ನು ಕಂಡ ಮೇಲೆ ಈ ನಂಟಿನ ಬಗ್ಗೆ ಅನುಮಾನ ಉಳಿಯಲಿಲ್ಲ. ಗಿಡ್ಡನೆಯವು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ಭಾರದ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳು) ಒಂದನ್ನೊಂದು ಸುತ್ತುತ್ತ ಬಂದು ಡಿಕ್ಕಿಯಾದಾಗ ಹುಟ್ಟುತ್ತವೆ. 2017ರ ಆಗಸ್ಟ್ 17ರಂದು ಗುರುತ್ವ ಅಲೆಗಳ ಬೆನ್ನಿಗೇ, 1.7 ಸೆಕೆಂಡಿನ ಅಂತರದಲ್ಲಿ, ಒಂದು ಗಿಡ್ಡ ಸ್ಫೋಟ ಸಿಕ್ಕಿದಾಗ ಅದೂ ಸಾಬೀತಾಯಿತು. ಆ ಡಿಕ್ಕಿಯಲ್ಲಿ ಚಿಮ್ಮಿದ ನ್ಯೂಟ್ರಾನ್ ಸಮೃದ್ಧ ದ್ರವ್ಯದಲ್ಲಿ ಚಿನ್ನ, ಪ್ಲಾಟಿನಂನಂತಹ ಭಾರದ ಧಾತುಗಳು ಹುಟ್ಟಿ, ಅವುಗಳ ವಿಕಿರಣಶೀಲತೆಯ ಬಿಸಿಗೆ ಕೆಲವು ದಿನ ಬೆಳಗುವ ಕಿಲೋನೋವಾವನ್ನೂ ಅಂದು ಕಂಡರು.

ಈ ಎರಡು ಸೆಕೆಂಡಿನ ಗೆರೆ ಪ್ರಕೃತಿ ಎಳೆದದ್ದಲ್ಲ. ಸಾವಿರಾರು ಸ್ಫೋಟಗಳ ಅವಧಿಯನ್ನು ನಕ್ಷೆಯಲ್ಲಿಟ್ಟಾಗ ಎರಡು ಗುಡ್ಡಗಳು ಕಂಡವು, ನಡುವಿನ ತಗ್ಗು ಎರಡು ಸೆಕೆಂಡಿನ ಆಸುಪಾಸಿನಲ್ಲಿತ್ತು, ಅಷ್ಟೆ. ಗುಡ್ಡಗಳ ಅಂಚು ಒಂದರೊಳಗೊಂದು ಚಾಚಿಕೊಂಡಿರುತ್ತದೆ. 2006ರ ಜೂನ್ 14ರಂದೇ ಒಂದು ಎಚ್ಚರಿಕೆ ಸಿಕ್ಕಿತ್ತು. ನೂರು ಸೆಕೆಂಡಿನ ಆ ಸ್ಫೋಟ ನಮಗೆ ಸಾಕಷ್ಟು ಹತ್ತಿರದ್ದು, ಆದರೂ ಸೂಪರ್‌ನೋವಾ ಬರಲೇ ಇಲ್ಲ. ಆ ಪ್ರಕರಣ ಬಗೆಹರಿಯದೆ ಉಳಿದಿತ್ತು. ಅದನ್ನು ನೆನಪಿಟ್ಟುಕೊಂಡವರು ಇದ್ದರು, ಆದರೆ ನೆನಪಿಡುವುದು ಬೇರೆ, ಅದರ ಮೇಲೆ ದೂರದರ್ಶಕದ ಸಮಯ ಕೇಳುವುದು ಬೇರೆ.

ಸಮಸ್ಯೆ: ಹಣೆಪಟ್ಟಿಯೇ ಕ್ಯಾಲೆಂಡರ್ ಆಗುವುದು

ಉಳಿಬೆಳಕು ಎಂದರೇನು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸ್ಫೋಟದಿಂದ ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಹೊರಟ ದ್ರವ್ಯದ ಚಿಲುಮೆ ಸುತ್ತಲಿನ ಅನಿಲಕ್ಕೆ ನುಗ್ಗುತ್ತದೆ. ಆ ಆಘಾತದಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದ ಸುತ್ತ ಸುರುಳಿ ಸುತ್ತುತ್ತ ಎಕ್ಸ್‌ ಕಿರಣದಿಂದ ರೇಡಿಯೋವರೆಗೂ ಬೆಳಗುತ್ತವೆ. ಚಿಲುಮೆ ನಿಧಾನವಾದಂತೆ ಬೆಳಕು ಕುಂದುತ್ತದೆ. ಕುಂದುವ ರೀತಿಯೇ ವಿಶೇಷ: ಇಷ್ಟು ಗಂಟೆಗೆ ಇಷ್ಟು ಎಂದಲ್ಲ, ಕಾಲ ಎಷ್ಟು ಪಟ್ಟಾಯಿತು ಎನ್ನುವುದರ ಮೇಲೆ. ಸಾಮಾನ್ಯ ಉಳಿಬೆಳಕಿನಲ್ಲಿ ಕಾಲ ಹತ್ತು ಪಟ್ಟಾದರೆ ಬೆಳಕು ಹತ್ತರಲ್ಲೊಂದು ಪಾಲಾಗುತ್ತದೆ. ಮೊದಲ ನಿಮಿಷದಿಂದ ಹತ್ತನೇ ನಿಮಿಷಕ್ಕೆ ಎಷ್ಟು ಕುಂದಿತೋ, ಮೊದಲ ದಿನದಿಂದ ಹತ್ತನೇ ದಿನಕ್ಕೂ ಅಷ್ಟೇ ಕುಂದುತ್ತದೆ. ಖಗೋಳ ವೀಕ್ಷಕರ ಲೆಕ್ಕದಲ್ಲಿ ಅದು 2.5 ಕಾಂತಿಮಾನ. ಈ ಅಳತೆಯಲ್ಲಿ ಅಂಕಿ ಹೆಚ್ಚಿದಷ್ಟೂ ವಸ್ತು ಮಂಕು.

ಈ ಬೆಳಕು ತಾನೇ ಕುಂದುತ್ತಿರುವಾಗ ಅದರಡಿಯಲ್ಲಿ ಬೇರೆ ಇನ್ನೇನಾದರೂ ಬೆಳಗುತ್ತಿದೆಯೇ ಎಂದು ನೋಡಬೇಕು. ಅದೇ ಇಡೀ ಕೆಲಸದ ತಿರುಳು. ಎಲ್ಲಿ, ಯಾವಾಗ, ಯಾವ ಬಣ್ಣದಲ್ಲಿ ನೋಡಬೇಕು ಎನ್ನುವುದನ್ನು ಹಣೆಪಟ್ಟಿ ತೀರ್ಮಾನಿಸುತ್ತದೆ. ಸ್ಫೋಟ ಉದ್ದನೆಯದಾದರೆ ಸೂಪರ್‌ನೋವಾ ನಿರೀಕ್ಷಿಸಬೇಕು. ಅದು ಮೇಲೇರಲು ಎರಡು ವಾರ ಬೇಕು, ಹಾಗಾಗಿ ಮೊದಲ ದಿನಗಳಲ್ಲಿ ಕುಂದುವ ವೇಗ ಅಳೆದುಕೊಂಡು, ಆಮೇಲೆ ಹತ್ತು ದಿನ ಬಿಟ್ಟು ಮತ್ತೆ ಬಂದರೂ ನಡೆಯುತ್ತದೆ. ಗಿಡ್ಡನೆಯದಾದರೆ ಕಿಲೋನೋವಾ ನಿರೀಕ್ಷಿಸಬೇಕು. ಅದು ಒಂದೆರಡು ದಿನ ನೀಲಿ, ಆಮೇಲೆ ಕೆಂಪು, ವಾರದೊಳಗೆ ಅವಕೆಂಪಿನಲ್ಲಿ ಮಾತ್ರ ಉಳಿಯುತ್ತದೆ. ಭಾರದ ಧಾತುಗಳು ನೀಲಿ ಬೆಳಕನ್ನು ನುಂಗಿಬಿಡುವುದೇ ಇದಕ್ಕೆ ಕಾರಣ. ಇಲ್ಲಿ ಹತ್ತು ದಿನ ಬಿಟ್ಟು ಬಂದರೆ ಖಾಲಿ ಆಕಾಶ ಸಿಗುತ್ತದೆ.

ಡಿಸೆಂಬರ್ 11ರ ಸ್ಫೋಟ ಐವತ್ತು ಸೆಕೆಂಡಿನದು. ಹಣೆಪಟ್ಟಿಯ ಮೇಲೆ 'ಉದ್ದ' ಎಂದು ಬಿದ್ದುಬಿಟ್ಟಿತ್ತು. ಅದನ್ನು ಒಪ್ಪಿಕೊಂಡ ಯಾರೂ ತಪ್ಪು ಮಾಡಲಿಲ್ಲ, ಪಠ್ಯ ಹೇಳುವುದು ಅದನ್ನೇ. ಆದರೆ ಹಾಗೇ ಮುಂದುವರಿದಿದ್ದರೆ ಈ ಪ್ರಕರಣ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಸ್ವಾತಿ ಏರುವವರೆಗೆ

ಸ್ವಿಫ್ಟ್ ಒಂದೂವರೆ ನಿಮಿಷದೊಳಗೆ ತನ್ನ ಎಕ್ಸ್‌ ಕಿರಣ ದೂರದರ್ಶಕವನ್ನು ಅತ್ತ ತಿರುಗಿಸಿ, ಜಾಗವನ್ನು ಕೆಲವೇ ಆರ್ಕ್‌ಸೆಕೆಂಡುಗಳಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲೊಂದು ಪಾಲು) ನಿಖರವಾಗಿ ಗುರುತಿಸಿತು. ಜಾಗ ಯಾವುದು? ಸ್ವಾತಿ ನಕ್ಷತ್ರದಿಂದ ಉತ್ತರಕ್ಕೆ ಒಂಬತ್ತು ಡಿಗ್ರಿಯಷ್ಟು, ಚಾಚಿದ ಕೈಯ ಮುಷ್ಟಿಯಷ್ಟು ಮೇಲೆ.

ಡಿಸೆಂಬರಿನಲ್ಲಿ ಸ್ವಾತಿ ಸಂಜೆ ಕಾಣುವ ನಕ್ಷತ್ರವಲ್ಲ, ಬೆಳಗಿನ ಜಾವದ ನಕ್ಷತ್ರ. ಸ್ಫೋಟದ ಹೊತ್ತಿಗೆ ಆ ಜಾಗ ನಮ್ಮ ದಿಗಂತದ ಕೆಳಗಿತ್ತು. ಲಡಾಖಿನ ಹಾನ್ಲೆಯಿಂದ ಲೆಕ್ಕ ಹಾಕಿದರೆ ಅದು ದಿಗಂತ ದಾಟಿದ್ದು ರಾತ್ರಿ ಒಂದೂವರೆಯ ನಂತರ, ನೋಡಲು ಯೋಗ್ಯವಾದ ಎತ್ತರಕ್ಕೆ ಬಂದದ್ದು ನಾಲ್ಕು ಗಂಟೆ ಕಳೆದ ಮೇಲೆ. ಅಂದು ಮಾರ್ಗಶಿರ ಶುದ್ಧ ಅಷ್ಟಮಿ. ಅರ್ಧ ಚಂದ್ರ ನಡುರಾತ್ರಿಯ ಹೊತ್ತಿಗೇ ಮುಳುಗಿದ್ದರಿಂದ ಆಕಾಶ ಕಪ್ಪಗಿತ್ತು. ಅರುಣೋದಯದ ಬೆಳಕು ಹರಡುವ ಮುನ್ನ ಸಿಗುವುದು ಹೆಚ್ಚೆಂದರೆ ಒಂದೂವರೆ ಗಂಟೆ.

ಆ ಒಂದೂವರೆ ಗಂಟೆಯನ್ನು ಭಾರತದ ದೂರದರ್ಶಕಗಳು ಬಳಸಿಕೊಂಡವು. ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ದೂರದರ್ಶಕ, ಹಾನ್ಲೆಯ 2 ಮೀಟರ್ ಹಿಮಾಲಯ ಚಂದ್ರ ದೂರದರ್ಶಕ ಎರಡೂ ಆ ಕಡೆ ತಿರುಗಿದವು. ಹಿಮಾಲಯ ಚಂದ್ರ ದೂರದರ್ಶಕ ಇರುವುದು ಸುಮಾರು 4500 ಮೀಟರ್ ಎತ್ತರದ ಬೆಟ್ಟದ ಮೇಲೆ, ಆದರೆ ಅದನ್ನು ನಡೆಸುವ ಕೊಠಡಿ ಇರುವುದು ನಮ್ಮ ಹೊಸಕೋಟೆಯಲ್ಲಿ. ಉಪಗ್ರಹ ಸಂಪರ್ಕದ ಮೂಲಕ ಆಜ್ಞೆ ಹೋಗುತ್ತದೆ, ಚಿತ್ರ ಬರುತ್ತದೆ. ಬೆಂಗಳೂರಿನ ಹೊರವಲಯದ ಊರಿನಲ್ಲಿ ಹಾಲಿನ ಗಾಡಿ ಓಡಾಡುವ ಹೊತ್ತಿನಲ್ಲಿ, ಲಡಾಖಿನ ಕೊರೆಯುವ ಚಳಿಯಲ್ಲಿ ನಿಂತ ಕನ್ನಡಿ ಇಲ್ಲಿನವರ ಮಾತು ಕೇಳಿ ತಿರುಗುತ್ತದೆ ಎನ್ನುವುದನ್ನು ನಮ್ಮ ಓದುಗರಲ್ಲಿ ಎಷ್ಟೋ ಜನ ತಿಳಿದಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಸ್ಫೋಟವಾಗಿ ಹತ್ತು ಗಂಟೆ ಕಳೆದಿತ್ತು. ಉಳಿಬೆಳಕಿನ ಚುಕ್ಕೆ ಸುಮಾರು 20ನೇ ಕಾಂತಿಮಾನದಲ್ಲಿ ಸಿಕ್ಕಿತು. ಬರಿಗಣ್ಣಿಗೆ ಕಾಣುವ ಅತ್ಯಂತ ಮಂಕು ನಕ್ಷತ್ರಕ್ಕಿಂತ ಲಕ್ಷಾಂತರ ಪಟ್ಟು ಮಂಕು. ಈ ಅಳತೆಯನ್ನು ತೆಗೆದುಕೊಂಡಾಗ ಅದರ ಬೆಲೆ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ. ಉಳಿಬೆಳಕಿನ ರೇಖೆಯ ಮೇಲೆ ಇನ್ನೊಂದು ಬಿಂದು, ಅಷ್ಟೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರದ ಒಂದು ತುಣುಕು ದಾಖಲಾಗಿತ್ತು. ತಿಂಗಳುಗಳ ನಂತರ ಎಲ್ಲ ಅಳತೆಗಳನ್ನು ಜೋಡಿಸಿದಾಗ, ಸ್ವಿಫ್ಟ್‌ನ ಅತಿನೇರಳೆ ಚಿತ್ರಗಳ ಜೊತೆ ಈ ಜಾವದ ಬಿಂದುಗಳೂ ಸೇರಿ, ಮೊದಲ ದಿನವೇ ಉಳಿಬೆಳಕಿನ ಮೇಲೆ ಒಂದು ನೀಲಿ ಬಿಸಿ ಹೊಳಪು ಕೂತಿತ್ತು ಎಂದು ತೋರಿಸಿಕೊಟ್ಟವು. ಅಂದು ಬೆಳಿಗ್ಗೆ 'ಉದ್ದನೆಯದು ತಾನೇ, ನಾಳೆ ನೋಡೋಣ' ಎಂದಿದ್ದರೆ ಆ ಬಿಂದುಗಳು ಇರುತ್ತಲೇ ಇರಲಿಲ್ಲ.

ಐದೂವರೆ ಆರ್ಕ್‌ಸೆಕೆಂಡ್

ಭೂಮಿ ತಿರುಗುತ್ತಿತ್ತು. ಸ್ಫೋಟವಾಗಿ ಸುಮಾರು 17 ಗಂಟೆಗೆ, ಕೆನರಿ ದ್ವೀಪಗಳ ಲಾ ಪಾಲ್ಮಾದಲ್ಲಿ ಬೆಳಗಿನ ಜಾವವಾದಾಗ, ಅಲ್ಲಿನ 2.56 ಮೀಟರ್ ನಾರ್ಡಿಕ್ ದೂರದರ್ಶಕ ಚುಕ್ಕೆಯನ್ನು ಹಿಡಿಯಿತು. ಕಾಂತಿಮಾನ 21ರ ಹತ್ತಿರ. ಆ ಚಿತ್ರದಲ್ಲಿ ಚುಕ್ಕೆಗಿಂತ ಹೆಚ್ಚು ಗಮನ ಸೆಳೆದದ್ದು ಅದರ ನೆರೆಮನೆ: 5.4 ಆರ್ಕ್‌ಸೆಕೆಂಡ್ ಆಚೆ ಒಂದು ಪುಟ್ಟ ಗೆಲಾಕ್ಸಿ. ಹತ್ತು ರೂಪಾಯಿ ನಾಣ್ಯವನ್ನು ಒಂದು ಕಿಲೋಮೀಟರ್ ದೂರದಲ್ಲಿ ಹಿಡಿದರೆ ಅದರ ಅಗಲ ಎಷ್ಟು ಕಾಣುತ್ತದೋ ಅಷ್ಟು ಅಂತರ.

ರೋಹಿತ ತೆಗೆದರು, ಅಂದರೆ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ನೋಡಿದರು. ಚುಕ್ಕೆಯ ರೋಹಿತದಲ್ಲಿ ದೂರ ಹೇಳುವ ಯಾವ ರೇಖೆಯೂ ಇರಲಿಲ್ಲ, ನುಣ್ಣಗೆ ಖಾಲಿ. ಗೆಲಾಕ್ಸಿಯ ರೋಹಿತ ಮಾತ್ರ ಸ್ಪಷ್ಟವಾಗಿ ಹೇಳಿತು: ಕೆಂಪು ಪಲ್ಲಟ (ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ, ದೂರ ಹೆಚ್ಚಿದಷ್ಟೂ ಹೆಚ್ಚು) 0.076. ಅಂದರೆ ನೂರು ಕೋಟಿ ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚು. ನಮಗೆ ಇದು ದೂರವೆನಿಸಬಹುದು, ಗಾಮಾ ಕಿರಣ ಸ್ಫೋಟಗಳ ಲೋಕದಲ್ಲಿ ಪಕ್ಕದ ಬೀದಿ.

ಇಲ್ಲಿ ದಾರಿ ಮೂರಾಯಿತು. ಸ್ಫೋಟ ಎಲ್ಲೋ ಬಹುದೂರದ್ದು, ಗೆಲಾಕ್ಸಿ ಅದೇ ದಿಕ್ಕಿನಲ್ಲಿ ಆಕಸ್ಮಿಕವಾಗಿ ಅಡ್ಡ ನಿಂತಿದೆ ಎನ್ನುವುದು ಒಂದು. ಸ್ಫೋಟ ಈ ಗೆಲಾಕ್ಸಿಯದ್ದೇ, ಹಾಗಾಗಿ ಎರಡು ವಾರದಲ್ಲಿ ಸೂಪರ್‌ನೋವಾ ಮೇಲೇಳುತ್ತದೆ ಎನ್ನುವುದು ಇನ್ನೊಂದು. ಸ್ಫೋಟ ಈ ಗೆಲಾಕ್ಸಿಯದ್ದೇ, ಆದರೆ ಹುಟ್ಟು ಬೇರೆ ಎನ್ನುವುದು ಮೂರನೆಯದು.

ಮೊದಲನೆಯದನ್ನು ತಳ್ಳಿಹಾಕುವುದು ಸುಲಭವಲ್ಲ. ಇಂಥ ಅಡ್ಡ ನಿಲ್ಲುವಿಕೆ ಬರೀ ಆಕಸ್ಮಿಕವಾಗಿರುವ ಸಾಧ್ಯತೆ ನೂರಕ್ಕೆ ಒಂದೂವರೆಯ ಹತ್ತಿರ ಎಂದು ಲೆಕ್ಕ ಬಂತು. ಕಡಿಮೆಯೇ, ಆದರೆ ವರ್ಷಕ್ಕೆ ಹತ್ತಾರು ಸ್ಫೋಟಗಳನ್ನು ನೋಡುವವರಿಗೆ ನೂರಕ್ಕೆ ಒಂದೂವರೆ ಎಂದರೆ ಎಂದಾದರೊಮ್ಮೆ ಎದುರಾಗಿಯೇ ಆಗುವ ಸಂಗತಿ. ಒಂದು ಸಮಾಧಾನವಿತ್ತು. ಚುಕ್ಕೆ ಅತಿನೇರಳೆಯಲ್ಲೂ ಕಂಡಿತ್ತು. ತೀರ ದೂರದಿಂದ ಬರುವ ಅತಿನೇರಳೆ ಬೆಳಕನ್ನು ದಾರಿಯ ಜಲಜನಕ ನುಂಗಿಬಿಡುತ್ತದೆ, ಹಾಗಾಗಿ ಸ್ಫೋಟ ವಿಶ್ವದ ಅಂಚಿನದ್ದಲ್ಲ. ಆದರೂ ಪಕ್ಕದ ಬೀದಿಗೂ ವಿಶ್ವದ ಅಂಚಿಗೂ ನಡುವೆ ಬೇಕಾದಷ್ಟು ಜಾಗವಿದೆ.

ಸ್ಥಾನವೂ ಒಂದು ಸುಳಿವು. ಗೆಲಾಕ್ಸಿಯ ದೂರಕ್ಕೆ 5.4 ಆರ್ಕ್‌ಸೆಕೆಂಡ್ ಎಂದರೆ ಅದರ ನಡುವಿನಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ಆಚೆ. ಪುಟ್ಟ ಗೆಲಾಕ್ಸಿಗೆ ಇದು ಹೊಸಿಲು ದಾಟಿ ಅಂಗಳಕ್ಕೆ ಬಂದಂತೆ. ಭಾರದ ನಕ್ಷತ್ರಗಳು ಹುಟ್ಟಿದ ಮನೆಯಲ್ಲೇ ಸಾಯುತ್ತವೆ, ಅವುಗಳ ಆಯುಸ್ಸು ಅಷ್ಟು ಕಡಿಮೆ. ಹುಟ್ಟಿದ ಜಾಗ ಬಿಟ್ಟು ದೂರ ಅಲೆಯುವುದು ನ್ಯೂಟ್ರಾನ್ ನಕ್ಷತ್ರಗಳ ಜೋಡಿಯ ಲಕ್ಷಣ. ಗಾಮಾ ಕಿರಣಗಳ ಆಕಾರವೂ, ಏಟು-ಬಿಡುವು-ಬಾಲ, 2006ರ ಆ ಬಗೆಹರಿಯದ ಸ್ಫೋಟವನ್ನು ನೆನಪಿಸುವಂತಿತ್ತು. ಒಂದೊಂದನ್ನೇ ಹಿಡಿದರೆ ಯಾವ ಸುಳಿವೂ ಗಟ್ಟಿಯಲ್ಲ. ಐವತ್ತು ಸೆಕೆಂಡಿನ ಹಣೆಪಟ್ಟಿ ಮಾತ್ರ ಎಲ್ಲರ ಕಣ್ಣಿಗೂ ಕಾಣುವಂತೆ ಗಟ್ಟಿಯಾಗಿ ಕೂತಿತ್ತು.

ಬಣ್ಣದ ಮೇಲೆ ಪಣ

ಮುಂದಿನ ಎರಡು ರಾತ್ರಿಗಳಲ್ಲಿ ಬಂದ ಅಳತೆಗಳು ಪ್ರಕರಣವನ್ನು ಹೊರಳಿಸಿದವು ಎಂದು ನನ್ನ ಅಭಿಪ್ರಾಯ. ಸರಳ ಲೆಕ್ಕ ಹಾಕಿ. ಸ್ಫೋಟವಾಗಿ 0.69 ದಿನಕ್ಕೆ ಚುಕ್ಕೆ 21ರ ಹತ್ತಿರ. 2.7 ದಿನದ ಹೊತ್ತಿಗೆ ಕಾಲ ಸುಮಾರು ನಾಲ್ಕು ಪಟ್ಟಾಗುತ್ತದೆ. ಸಾಮಾನ್ಯ ಉಳಿಬೆಳಕಾದರೆ ಒಂದೂವರೆ ಕಾಂತಿಮಾನ ಕುಂದಿ 22.5ರ ಆಸುಪಾಸಿನಲ್ಲಿರಬೇಕು. ಸ್ಪೇನಿನ ಕಲಾರ್ ಆಲ್ಟೋದ 2.2 ಮೀಟರ್ ದೂರದರ್ಶಕದಲ್ಲಿ ಅದು 24ಕ್ಕೂ ಕೆಳಗೆ ಜಾರಿಬಿಟ್ಟಿತ್ತು. ಎರಡೇ ದಿನದಲ್ಲಿ ಮೂರು ಕಾಂತಿಮಾನಕ್ಕೂ ಹೆಚ್ಚು.

ವೇಗವಾಗಿ ಕುಂದಿತು ಎನ್ನುವುದಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು. ಚಿಲುಮೆಯ ಅಂಚು ನಮ್ಮ ಕಣ್ಣಿಗೆ ಬೀಳತೊಡಗಿದಾಗ ಯಾವುದೇ ಉಳಿಬೆಳಕು ಕಡಿದಾಗಿ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಆ ಇಳಿತ ಎಲ್ಲ ಬಣ್ಣಗಳಲ್ಲೂ ಒಟ್ಟಿಗೇ ಆಗಬೇಕು. ನೀಲಿ ಇಳಿದರೆ ಕೆಂಪೂ ಇಳಿಯಬೇಕು, ಅವಕೆಂಪೂ ಇಳಿಯಬೇಕು. ಕಿಲೋನೋವಾ ಇದ್ದರೆ ನೀಲಿ ಮೊದಲು ಮುಗಿಯುತ್ತದೆ, ಅವಕೆಂಪು ಹಿಂದೆ ಉಳಿಯುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಚುಕ್ಕೆ ಸತ್ತ ಮೇಲೆ ಅವಕೆಂಪಿನಲ್ಲಿ ಏನಾದರೂ ಬದುಕಿದೆಯೇ?

ಈ ಪ್ರಶ್ನೆ ಕೇಳಲು ದೊಡ್ಡ ಕನ್ನಡಿ ಬೇಕು, ಬೇರೆಯವರ ಸಮಯ ತಡೆದು ಕೇಳಬೇಕು. ಉದ್ದನೆಯ ಸ್ಫೋಟ ಎಂದು ಹಣೆಪಟ್ಟಿ ಇರುವ ಒಂದು ವಸ್ತುವಿಗೆ, ಕಣ್ಮರೆಯಾಗುತ್ತಿರುವ ಹೊತ್ತಿನಲ್ಲಿ, ಎಂಟು ಮೀಟರ್ ದೂರದರ್ಶಕದ ಅವಕೆಂಪು ಕ್ಯಾಮರಾ ಕೇಳುವುದು ಸಣ್ಣ ಪಣವಲ್ಲ. ಏನೂ ಸಿಗದಿದ್ದರೆ ಮುಂದಿನ ಗಿಡ್ಡ ಸ್ಫೋಟಕ್ಕೆ ಕೇಳಲು ಅಷ್ಟು ಗಂಟೆ ಕಡಿಮೆಯಾಗುತ್ತದೆ. ಒಂದು ತಂಡ ಆ ಪಣ ಕಟ್ಟಿತು. ಹವಾಯಿಯ ಮೌನಾ ಕಿಯಾ ಮೇಲಿನ 8.1 ಮೀಟರ್ ಜೆಮಿನಿ ನಾರ್ತ್, ಸ್ಫೋಟವಾಗಿ ನಾಲ್ಕು ದಿನ ಕಳೆದ ಮೇಲೆ, 2.2 ಮೈಕ್ರಾನ್‌ನ ಕೆ ಫಿಲ್ಟರ್ ಹಾಕಿಕೊಂಡು ಆ ಜಾಗವನ್ನು ನೋಡಿತು.

ಚುಕ್ಕೆ ಅಲ್ಲಿತ್ತು. ಕಾಂತಿಮಾನ ಸುಮಾರು 22.4. ಕಣ್ಣಿಗೆ ಕಾಣುವ ಬಣ್ಣಗಳಲ್ಲಿ ಬಹುತೇಕ ಮುಗಿದುಹೋಗಿದ್ದ ವಸ್ತು ಅವಕೆಂಪಿನಲ್ಲಿ ಕೆಂಡದಂತೆ ಉಳಿದಿತ್ತು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ. ಮುಂದಿನ ರಾತ್ರಿಗಳಲ್ಲಿ ಅದೂ ನಿಧಾನವಾಗಿ ಕುಂದಿತು.

ಅಳತೆಯ ಬಗ್ಗೆ ಒಂದು ಮಾತು ಇಲ್ಲಿ ಹೇಳಲೇಬೇಕು, ಹೊಸಬರು ಹೆಚ್ಚು ಎಡವುವುದು ಇಲ್ಲೇ. ಗೆಲಾಕ್ಸಿ 5.4 ಆರ್ಕ್‌ಸೆಕೆಂಡ್ ಆಚೆ ಇದ್ದರೂ ಅದರ ಬೆಳಕು ಅಂಚಿನಲ್ಲಿ ತಟ್ಟನೆ ನಿಲ್ಲುವುದಿಲ್ಲ, ದೀಪದ ಸುತ್ತಲಿನ ಮಬ್ಬಿನಂತೆ ಹರಡಿರುತ್ತದೆ. ಚುಕ್ಕೆ 20ರಲ್ಲಿದ್ದಾಗ ಆ ಮಬ್ಬು ಲೆಕ್ಕಕ್ಕೆ ಬರುವುದಿಲ್ಲ. 24ಕ್ಕೆ ಇಳಿದಾಗ ಮಬ್ಬೇ ಚುಕ್ಕೆಯನ್ನು ಮೀರಿಸಬಹುದು. ಸುತ್ತಲಿನ ಆಕಾಶದ ಸರಾಸರಿ ಕಳೆಯುವಾಗ ಒಂದು ಬದಿ ಗೆಲಾಕ್ಸಿ, ಇನ್ನೊಂದು ಬದಿ ಖಾಲಿ, ಸರಾಸರಿಯೇ ತಪ್ಪಾಗುತ್ತದೆ. ಇದಕ್ಕೆ ಮದ್ದು ಒಂದೇ: ಅದೇ ದೂರದರ್ಶಕ, ಅದೇ ಫಿಲ್ಟರ್‌ನಲ್ಲಿ, ಚುಕ್ಕೆ ಪೂರ್ತಿ ಮಾಸಿದ ಮೇಲೆ ಇನ್ನೊಂದು ಚಿತ್ರ ತೆಗೆದು, ಹಳೆಯದರಿಂದ ಹೊಸದನ್ನು ಕಳೆಯುವುದು. ಉಳಿದದ್ದೇ ನಿಜವಾದ ಚುಕ್ಕೆ. ತಿಂಗಳು ಬಿಟ್ಟು ಖಾಲಿ ಆಕಾಶದ ಚಿತ್ರ ತೆಗೆಯಲು ಸಮಯ ಕೇಳುವುದು ಯಾರಿಗೂ ರೋಚಕ ಕೆಲಸವಲ್ಲ. ಆದರೆ ಆ ಚಿತ್ರವಿಲ್ಲದೆ ಮಂಕು ಬಿಂದುಗಳನ್ನು ನಂಬುವಂತಿಲ್ಲ.

ಬಾರದ ಸೂಪರ್‌ನೋವಾ

ಆಮೇಲಿನದು ಕಾಯುವ ಕೆಲಸ. 1998ರಲ್ಲಿ ಗಾಮಾ ಸ್ಫೋಟದ ಜೊತೆ ಬಂದ ಪ್ರಸಿದ್ಧ ಸೂಪರ್‌ನೋವಾವನ್ನು ಈ ಗೆಲಾಕ್ಸಿಯ ದೂರದಲ್ಲಿಟ್ಟರೆ ಅದರ ಶಿಖರ 19ನೇ ಕಾಂತಿಮಾನದ ಸುತ್ತ ಇರುತ್ತದೆ. ಮೊದಲ ಜಾವದಲ್ಲಿ ಭಾರತದಿಂದ ಕಂಡ ಉಳಿಬೆಳಕಿಗಿಂತಲೂ ಪ್ರಕಾಶ. ಅಂಥದ್ದೊಂದು ಇದ್ದಿದ್ದರೆ ಮರೆಮಾಚಿ ಕೂರಲು ಸಾಧ್ಯವೇ ಇರಲಿಲ್ಲ. ಡಿಸೆಂಬರ್ ಮುಗಿಯಿತು, ಏನೂ ಮೇಲೇಳಲಿಲ್ಲ.

ಉಳಿದದ್ದು ಅಡ್ಡ ನಿಂತ ಗೆಲಾಕ್ಸಿಯ ಅನುಮಾನ. ಸ್ಫೋಟ ನಿಜಕ್ಕೂ ಹಿಂದೆಲ್ಲೋ ದೂರದ ಮಂಕು ಗೆಲಾಕ್ಸಿಯಲ್ಲಿ ಆಗಿದ್ದರೆ, ಸೂಪರ್‌ನೋವಾ ಕಾಣದಿದ್ದದ್ದಕ್ಕೆ ದೂರವೇ ಕಾರಣವಾಗುತ್ತದೆ. 2022ರ ಏಪ್ರಿಲ್‌ನಲ್ಲಿ, ನಾಲ್ಕು ತಿಂಗಳ ನಂತರ, ಹಬಲ್ ಆ ಜಾಗವನ್ನು ದಿಟ್ಟಿಸಿತು. ಸುಮಾರು 27ನೇ ಕಾಂತಿಮಾನದವರೆಗೂ ಸ್ಫೋಟದ ಜಾಗದಲ್ಲಿ ಏನೂ ಇರಲಿಲ್ಲ. ಬಚ್ಚಿಟ್ಟುಕೊಂಡ ಮನೆ ಇಲ್ಲವೆಂದಾದ ಮೇಲೆ, ಅಂಗಳದಾಚೆ ಕಂಡ ಪುಟ್ಟ ಗೆಲಾಕ್ಸಿಯೇ ಮನೆ ಎನ್ನುವುದು ಹೆಚ್ಚು ಒಪ್ಪುವ ಮಾತಾಯಿತು.

2022ರ ಡಿಸೆಂಬರ್‌ನಲ್ಲಿ, ಸ್ಫೋಟವಾಗಿ ಒಂದು ವರ್ಷ ತುಂಬುವ ಹೊತ್ತಿಗೆ, ಹಲವು ತಂಡಗಳ ಪ್ರಬಂಧಗಳು ಒಟ್ಟಿಗೇ ಪ್ರಕಟವಾದವು. ಸುಮಾರು 50 ಸೆಕೆಂಡಿನ ಸ್ಫೋಟದ ಹಿಂದೆ ಕಿಲೋನೋವಾ, ಅದೂ 2017ರ ಡಿಕ್ಕಿಯದ್ದನ್ನು ಕಾಂತಿಯಲ್ಲಿ, ಬಣ್ಣದಲ್ಲಿ, ಅವಧಿಯಲ್ಲಿ ಹೋಲುವಂಥದ್ದು. ಯಾವ ಎರಡು ವಸ್ತುಗಳು ಡಿಕ್ಕಿಯಾದವು ಎನ್ನುವುದರಲ್ಲಿ ಒಮ್ಮತವಿರಲಿಲ್ಲ. ಎರಡು ನ್ಯೂಟ್ರಾನ್ ನಕ್ಷತ್ರಗಳೆಂದು ಕೆಲವರು ವಾದಿಸಿದರು. ಅಷ್ಟು ಉದ್ದದ ಸ್ಫೋಟಕ್ಕೆ ನ್ಯೂಟ್ರಾನ್ ನಕ್ಷತ್ರ ಮತ್ತು ಶ್ವೇತ ಕುಬ್ಜದ (ಸೂರ್ಯನಂಥ ನಕ್ಷತ್ರ ಸತ್ತ ಮೇಲೆ ಉಳಿಯುವ ತಿರುಳಿನ) ಜೋಡಿಯೇ ಸರಿ ಎಂದು ಇನ್ನು ಕೆಲವರು. ಅವಕೆಂಪು ಬೆಳಕು ಸ್ಫೋಟದ ಬಿಸಿಗೆ ಕಾದ ಧೂಳಿನದೂ ಆಗಿರಬಹುದಲ್ಲ ಎಂಬ ಪ್ರಶ್ನೆಯೂ ಬಂತು. ಡಿಕ್ಕಿಯ ಪರವಾದ ವಾದವೇ ನನಗೆ ಹೆಚ್ಚು ಬಲವಾಗಿ ಕಾಣುತ್ತದೆ, ಏಕೆಂದರೆ ಮೊದಲ ದಿನದ ನೀಲಿಯನ್ನೂ ಐದನೇ ದಿನದ ಅವಕೆಂಪನ್ನೂ ಅದು ಒಂದೇ ದಾರದಲ್ಲಿ ಪೋಣಿಸುತ್ತದೆ. ಆದರೆ ಡಿಕ್ಕಿಯಾದ ಮೇಲೆ ಉಳಿಯುವ ದ್ರವ್ಯದ ತಟ್ಟೆ ಕ್ಷಣಾರ್ಧದಲ್ಲಿ ಬರಿದಾಗಬೇಕು. ನಿಮಿಷದಷ್ಟು ಹೊತ್ತು ಸ್ಫೋಟದ ಎಂಜಿನ್ನನ್ನು ಓಡಿಸಿದ್ದು ಯಾವುದು ಎನ್ನುವ ಪ್ರಶ್ನೆ ಇನ್ನೂ ತೆರೆದೇ ಇದೆ.

ಕೈತಪ್ಪಿದ್ದು, ಮತ್ತು ಎರಡನೇ ಸರದಿ

ಈ ಪ್ರಕರಣದಿಂದ ಕಲಿಯಬೇಕಾದದ್ದು ಗೆಲುವಿನಲ್ಲಿ ಎಷ್ಟಿದೆಯೋ, ಕೈತಪ್ಪಿದ್ದರಲ್ಲೂ ಅಷ್ಟೇ ಇದೆ.

ಪ್ರಕಟವಾದ ಅಳತೆಗಳಲ್ಲಿ ಅವಕೆಂಪು ಬಿಂದುಗಳು ಶುರುವಾಗುವುದು ನಾಲ್ಕು ದಿನದ ನಂತರ. ನೀಲಿ ಹೊಳಪು ಕೆಂಪಿಗೆ ತಿರುಗುವ ಹೊತ್ತು, ಎರಡನೇ ಮತ್ತು ಮೂರನೇ ದಿನ, ಅವಕೆಂಪಿನಲ್ಲಿ ಖಾಲಿ. ಹಣೆಪಟ್ಟಿ ಗಿಡ್ಡ ಎಂದಿದ್ದರೆ ಆ ದಿನಗಳಲ್ಲೇ ದೊಡ್ಡ ಕನ್ನಡಿಗಳು ಅತ್ತ ತಿರುಗಿರುತ್ತಿದ್ದವು ಎಂದು ನನಗೆ ಅನಿಸುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಅವಕೆಂಪು ರೋಹಿತ. ಚಿತ್ರಗಳಿಂದ ಬಣ್ಣ ಸಿಗುತ್ತದೆ, ಧಾತುವಿನ ಸಹಿ ಸಿಗುವುದು ರೋಹಿತದಲ್ಲಿ. ಕೆಂಡ ಇದೆ ಎಂದು ಗೊತ್ತಾದ ಹೊತ್ತಿಗೆ ರೋಹಿತ ತೆಗೆಯುವಷ್ಟು ಬೆಳಕು ನೆಲದ ಮೇಲಿನ ದೂರದರ್ಶಕಗಳಿಗೆ ಉಳಿದಿರಲಿಲ್ಲ. ಗುರುತ್ವ ಅಲೆಗಳಂತೂ ಸಿಗುವ ಮಾತೇ ಇರಲಿಲ್ಲ. ಲೈಗೋ ಪತ್ತೆಯಂತ್ರಗಳು 2020ರ ಮಾರ್ಚ್‌ನಲ್ಲಿ ನಿಂತವು, ಮತ್ತೆ ಶುರುವಾದದ್ದು 2023ರ ಮೇ ತಿಂಗಳಲ್ಲಿ. ಪಕ್ಕದ ಬೀದಿಯಲ್ಲಿ ಡಿಕ್ಕಿಯಾದದ್ದು ನಡುವಿನ ಮೌನದಲ್ಲಿ. ಅದನ್ನು ಓದುವಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸಣ್ಣ ದೂರದರ್ಶಕಗಳನ್ನು ನಡೆಸುವವರಿಗೆ ನಾನು ಈ ಪ್ರಕರಣದಿಂದ ಎತ್ತಿ ತೋರಿಸುವುದು ಮೊದಲ ಜಾವವನ್ನು. ಆ ಒಂದೂವರೆ ಗಂಟೆಯಲ್ಲಿ ಒಂದೇ ಫಿಲ್ಟರ್‌ನಲ್ಲಿ ಆಳವಾದ ಚಿತ್ರ ತೆಗೆಯಬೇಕೋ, ಎರಡು ಮೂರು ಫಿಲ್ಟರ್‌ಗಳಲ್ಲಿ ಹಂಚಿಕೊಳ್ಳಬೇಕೋ ಎನ್ನುವ ಚರ್ಚೆ ಪ್ರತಿ ಸಲ ಬರುತ್ತದೆ. ಉಳಿಬೆಳಕು ಮಾತ್ರ ಇದೆಯೆಂದುಕೊಂಡರೆ ಒಂದು ಫಿಲ್ಟರ್ ಸಾಕು, ಬಣ್ಣ ಬದಲಾಗುವುದಿಲ್ಲ ಎಂದು ಗೊತ್ತಲ್ಲ. ಅದೇ ಅನುಮಾನಿಸಬೇಕಾದ ಮಾತು. ಚುಕ್ಕೆ ತಾಳುವಷ್ಟು ಪ್ರಕಾಶವಾಗಿದ್ದರೆ ನಾನು ಹಂಚಿಕೊಳ್ಳುವ ಪರ. ಹತ್ತಿರದಲ್ಲೊಂದು ಗೆಲಾಕ್ಸಿ ಕಂಡರಂತೂ ಎರಡನೇ ಯೋಚನೆ ಬೇಡ, ಸ್ಫೋಟದ ಅವಧಿ ಎಷ್ಟೇ ಇರಲಿ.

2023ರ ಮಾರ್ಚ್ 7ರಂದು ಇನ್ನೊಂದು ಸ್ಫೋಟವಾಯಿತು, ಜಿಆರ್‌ಬಿ 230307ಎ. ಅದುವರೆಗೆ ದಾಖಲಾದ ಅತಿ ಪ್ರಕಾಶಮಾನ ಸ್ಫೋಟಗಳ ಸಾಲಿನದು, ಇದೂ ಎರಡು ಸೆಕೆಂಡಿನ ಗೆರೆಯನ್ನು ಎಷ್ಟೋ ದಾಟಿತ್ತು. ಹಣೆಪಟ್ಟಿ ಮತ್ತೆ 'ಉದ್ದ'. ಹತ್ತಿರದಲ್ಲೊಂದು ಗೆಲಾಕ್ಸಿ, ಕೆಂಪು ಪಲ್ಲಟ 0.065, ಈ ಸಲ ಅದರಿಂದ ಒಂದು ಲಕ್ಷ ಜ್ಯೋತಿರ್ವರ್ಷಕ್ಕೂ ಆಚೆ ಚುಕ್ಕೆ. ಆದರೆ ಈ ಸಲ ನೋಡುವವರ ಮನಸ್ಸಿನಲ್ಲಿ 2021ರ ಡಿಸೆಂಬರ್ ಇತ್ತು. ಚುಕ್ಕೆ ಕೆಂಪಾಗುತ್ತ ಹೋದಾಗ ಯಾರೂ ಹತ್ತು ದಿನ ಬಿಟ್ಟು ಬರೋಣ ಎನ್ನಲಿಲ್ಲ, ಜೇಮ್ಸ್ ವೆಬ್ ದೂರದರ್ಶಕದ ಸಮಯವನ್ನೇ ಕೇಳಿದರು. ಸ್ಫೋಟವಾಗಿ 29ನೇ ದಿನ ವೆಬ್ ಆ ಚುಕ್ಕೆಯ ಅವಕೆಂಪು ರೋಹಿತ ತೆಗೆಯಿತು. 2.15 ಮೈಕ್ರಾನ್ ಹತ್ತಿರ ಅಗಲವಾದ ಒಂದು ಉಬ್ಬು ಎದ್ದು ನಿಂತಿತ್ತು. ಅದು ಟೆಲ್ಲೂರಿಯಂ ಎಂಬ ಭಾರದ ಧಾತುವಿನ ಸಹಿ ಎಂದು ಓದಿದರು.